ಬಚ್ಚಿಟ್ಟ ಬೆಕ್ಕು, ಬಿಡದ ಕೆಮ್ಮು

ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಮಾಲೀಕರ ಪ್ರಶ್ನೆಗಳು ಬಾಯಿಪಾಠ. ಎಷ್ಟು ಜನ? ಎಲ್ಲಿ ಕೆಲಸ? ಸಸ್ಯಾಹಾರಿಗಳೇ? ಕೊನೆಗೆ, ನಾಯಿ-ಬೆಕ್ಕು ಇದೆಯೇ? ಇದೆ ಎಂದವರಿಗೆ ಮನೆ ಸಿಗುವುದು ಕಷ್ಟ. ಆದ್ದರಿಂದ ಎಷ್ಟೋ ಜನ ಇಲ್ಲ ಎಂದುಬಿಡುತ್ತಾರೆ. ಈ ಸುಳ್ಳಿಗೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು.

ಕೆಲವು ವರ್ಷಗಳ ಹಿಂದೆ ಜೆ.ಪಿ. ನಗರದ ಒಬ್ಬ ತಾಯಿ ಆರು ವರ್ಷದ ಮಗನನ್ನು ನನ್ನಲ್ಲಿಗೆ ಕರೆತಂದಿದ್ದರು. ರಾತ್ರಿಯೆಲ್ಲ ಕೆಮ್ಮು, ಬೆಳಗಾದರೆ ಸಾಲು ಸೀನು, ಉಸಿರೆಳೆದರೆ ಎದೆಯಲ್ಲಿ ಸುಯ್ ಎಂಬ ಸದ್ದು. "ಮನೇಲಿ ಸಾಕುಪ್ರಾಣಿ ಏನಾದ್ರೂ ಇದೆಯೇನಮ್ಮಾ?" ಎಂದೆ. "ಇಲ್ಲ ಡಾಕ್ಟ್ರೇ" ಎಂದರು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹೆಂಗಸನ್ನು ಮಗುವಿನ ಅಜ್ಜಿ ಎಂದೇ ತಿಳಿದಿದ್ದೆ. ಅವರು ಕೆಳಗಿನ ಮನೆಯಲ್ಲಿರುವ ಮಾಲೀಕರೆಂದು ಗೊತ್ತಾದದ್ದು ಎರಡು ತಿಂಗಳ ಮೇಲೆ, ಆ ತಾಯಿ ಒಬ್ಬರೇ ಬಂದಾಗ. "ಒಂದು ಬೆಕ್ಕಿದೆ ಡಾಕ್ಟ್ರೇ. ಹಗಲೆಲ್ಲ ಬೆಡ್‌ರೂಮಿನಲ್ಲಿ ಕೂಡಿಹಾಕಿ ಕಿಟಕಿ ಮುಚ್ಚಿಡ್ತೀವಿ." ಮಗು ಮಲಗುವುದೂ ಅದೇ ಕೋಣೆಯಲ್ಲಿ! ಅಷ್ಟರಲ್ಲಿ ನಾನು ದೂಳನ್ನು, ಹಾಸಿಗೆಯನ್ನು, ಬಾಲ್ಕನಿಯ ಪಾರಿವಾಳಗಳನ್ನು ಎಲ್ಲ ದೂರಿ ಮುಗಿಸಿದ್ದೆ.

ಬೆಕ್ಕು ಇದ್ದರೆ ಎಲ್ಲರಿಗೂ ಉಬ್ಬಸ ಬರುವುದಿಲ್ಲ. ಬಂದವರಿಗೆ ಬರುವುದು ಅದರ ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನಿನಿಂದ. ಅದು ಒಣಗಿ ಹಗುರವಾಗಿ ಗಾಳಿಯಲ್ಲಿ ತೇಲುತ್ತದೆ, ಪರದೆ-ಹಾಸಿಗೆಗಳಿಗೆ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಕಾಟ ಹೆಚ್ಚು. ಬೆಕ್ಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿದಿರುತ್ತದೆ. ಅಂದರೆ ಮುಂದೆ ಬರುವ ಬಾಡಿಗೆದಾರರ ಮಗುವಿಗೂ ಇದರಿಂದ ತೊಂದರೆಯಾಗಬಹುದು; ಮನೆಯಲ್ಲಿ ಏನಿತ್ತೆಂದು ಅವರಿಗೆ ಹೇಳುವವರಾದರೂ ಯಾರು?

ಮಾಲೀಕರ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ನಿವೃತ್ತಿಯ ಹಣ ಸುರಿದು ಮೇಲೊಂದು ಮನೆ ಕಟ್ಟಿ, ಆ ಬಾಡಿಗೆಯಲ್ಲೇ ಔಷಧಿಯ ಖರ್ಚು ತೂಗಿಸುವವರು ಇಲ್ಲಿ ಬಹಳ. ತೇಗದ ಬಾಗಿಲನ್ನು ನಾಯಿ ಕೆರೆದಿದ್ದರೆ, ಮೂತ್ರ ಚೌಕಟ್ಟಿನ ಮರಕ್ಕೆ ಇಳಿದು ವಾಸನೆ ಹಿಡಿದಿದ್ದರೆ ಯಾರ ಹೊಟ್ಟೆಯೂ ಉರಿಯುತ್ತದೆ. ನಾಯಿಯ ಉಣ್ಣೆಯಂತೂ ಗೋಡೆಯ ಬಿರುಕಿಗೂ ಆರೋಗ್ಯಕ್ಕೂ ನಂಟು ಹಾಕುವ ಪ್ರಾಣಿ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣೆ ನಾಯಿಯ ಮೈಯಿಂದ ಕಳಚಿ, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಬೆಳೆದ ಉಣ್ಣೆ ಆಹಾರವಿಲ್ಲದೆ ತಿಂಗಳುಗಳ ಕಾಲ ಬದುಕಬಲ್ಲದು. ಅದು ಮನುಷ್ಯರಿಗೆ ಜ್ವರ ತರುವುದೂ ಉಂಟು. ಹಾಗಾಗಿ ಮನೆ ಖಾಲಿಯಾದಾಗ ಬಣ್ಣ ಬಳಿಯುವ ಮೊದಲು ಬಿರುಕು ಮುಚ್ಚಿಸಬೇಕು. ಸಿಕ್ಕ ಉಣ್ಣೆಯನ್ನು ಬೆರಳಲ್ಲಿ ಹೊಸಕಬೇಡಿ.

ಇನ್ನು ವಾಸನೆ ಹೋಗಲೆಂದು ಮಾಡುವ ಸಾಹಸಗಳು. ಮೂತ್ರ ನಿಂತ ಜಾಗಕ್ಕೆ ನೇರವಾಗಿ ಬ್ಲೀಚಿಂಗ್ ಪುಡಿ ಸುರಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ. ಅದರ ಮೇಲೆ ಬಚ್ಚಲು ತೊಳೆಯುವ ಆಸಿಡ್ ಬಿದ್ದರೆ ಬರುವುದು ಕ್ಲೋರಿನ್, ಅದು ಇನ್ನೂ ಅಪಾಯ. ಮೊದಲು ಬರಿಯ ನೀರು, ಸೋಪು, ಕಿಟಕಿಗಳೆಲ್ಲ ತೆರೆದಿರಲಿ. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬೇಡ, ಅದು ಬೆಕ್ಕಿಗೆ ವಿಷ.

ಇಷ್ಟೆಲ್ಲ ಇದ್ದೂ 'ಪ್ರಾಣಿ ಕೂಡದು' ಎಂಬ ಬೋರ್ಡಿನಿಂದ ಮನೆ ಉಳಿಯುತ್ತದೆಂದು ನನಗೆ ತೋರುವುದಿಲ್ಲ. ಬೋರ್ಡು ನೋಡಿ ಪ್ರಾಣಿ ಮಾಯವಾಗುವುದಿಲ್ಲ, ಅಡಗುತ್ತದೆ. ಅಡಗಿಸಿಟ್ಟ ನಾಯಿಯನ್ನು ಮೆಟ್ಟಿಲಿಳಿಸಿ ಪಶುವೈದ್ಯರಲ್ಲಿಗೆ ಒಯ್ಯುವುದು ಹೇಗೆ? ಲಸಿಕೆ ತಪ್ಪುತ್ತದೆ, ಉಣ್ಣೆಗೆ ಔಷಧಿ ಬೀಳುವುದಿಲ್ಲ. ಸಿಕ್ಕಿಬಿದ್ದ ದಿನ ಮಾಲೀಕರು ಒಂದು ವಾರದ ಗಡುವು ಕೊಡುತ್ತಾರೆ. ಎಷ್ಟೋ ನಾಯಿಗಳು ಬೀದಿಗೆ ಬೀಳುವುದು ಆ ವಾರದಲ್ಲಿ. ಹೀಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಲಸಿಕೆಯಿಲ್ಲದ ಆ ನಾಯಿ ಯಾವ ಬೀದಿಯಲ್ಲಿ ಓಡಾಡುತ್ತದೋ ಅದೇ ಬೀದಿಯಲ್ಲಿ ನಮ್ಮ ಮಕ್ಕಳೂ ಆಡುತ್ತಾರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ನಾಯಿ ಕಚ್ಚಲಿ, ಬೆಕ್ಕು ಪರಚಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಚುಚ್ಚುವ ಕಾಲ ಮುಗಿದು ಬಹಳ ವರ್ಷವಾಯಿತು. ಈಗ ತೋಳಿಗೆ ಕೆಲವೇ ಚುಚ್ಚು.

ಹತ್ತು ತಿಂಗಳ ಅಡ್ವಾನ್ಸ್ ಕೇಳುವ ವಾಡಿಕೆ ಬೆಳೆಸಿಕೊಂಡ ಊರಿದು. ಅದನ್ನು ಹಿಡಿದಿಟ್ಟುಕೊಂಡವರು ಕರಾರು ಪತ್ರದಲ್ಲಿ ಇನ್ನೆರಡು ಸಾಲು ಬರೆಸಲಿ: ಯಾವ ಪ್ರಾಣಿ, ಎಷ್ಟು, ಪ್ರತಿವರ್ಷ ರೇಬಿಸ್ ಲಸಿಕೆಯ ಕಾರ್ಡಿನ ಪ್ರತಿ ಕೊಡತಕ್ಕದ್ದು. ಒಳಗೆ ಬರುವ ದಿನವೇ ಇಬ್ಬರೂ ಸೇರಿ ಬಾಗಿಲು, ನೆಲ, ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಲಿ. ಬಿಡುವಾಗ ನಿಜವಾದ ಹಾನಿಯ ಖರ್ಚನ್ನು ರಸೀದಿ ತೋರಿಸಿ ಕಳೆಯಲಿ. ದಿನಬಳಕೆಯ ಸವೆತ ಬಾಡಿಗೆದಾರನ ತಲೆಗೆ ಬರುವುದಿಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಬೆಕ್ಕಿನ ಹೆಸರು ಹೇಳಿ ಇಡೀ ಮನೆಗೆ ಬಣ್ಣ ಹೊಡೆಸಿಕೊಳ್ಳುವುದು ಸರಿಯಲ್ಲ. ಸಾಕುವವರೂ ಇದನ್ನೆಲ್ಲ ತಾವಾಗಿಯೇ ಮುಂದಿಡಲಿ, ಕೇಳುವವರೆಗೆ ಕಾಯಬಾರದು.

ಜೆ.ಪಿ. ನಗರದ ಬೆಕ್ಕು ಕಡೆಗೆ ಹಾಸನದ ತಾತನ ಮನೆ ಸೇರಿತು. ಹುಡುಗನ ಉಬ್ಬಸ ಇಳಿಯಲು ಮತ್ತೆ ನಾಲ್ಕೈದು ತಿಂಗಳು ಹಿಡಿಯಿತು. ಒಮ್ಮೆ ಬಿ.ಪಿ. ನೋಡಿಸಿಕೊಳ್ಳಲು ಬಂದ ಮಾಲೀಕರು ಹೇಳಿದರು: "ಮಿಯಾಂವ್ ಅನ್ನೋದು ನಂಗೂ ಕೇಳಿಸ್ತಿತ್ತು ಡಾಕ್ಟ್ರೇ. ಅವರೇ ಹೇಳ್ಲಿ ಅಂತ ಸುಮ್ನಿದ್ದೆ."