ಒಮ್ಮೆ ‘ಡ್ರಾಪ್ ಇನ್’ ಆಗಿ

ಮೊದಲೇ ತಿಳಿಸದೆ ಒಬ್ಬರ ಮನೆಗೆ ಸುಮ್ಮನೆ ಹೋಗಿ ಬರುವುದನ್ನು ಇಂಗ್ಲಿಷ್ ಆಡುಮಾತಿನಲ್ಲಿ ‘ಡ್ರಾಪ್ ಇನ್’ ಎನ್ನುತ್ತಾರೆ. ಗೆಳೆಯರಿಗೆ ‘ಡ್ರಾಪ್ ಇನ್ ಎನಿಟೈಮ್’ ಎನ್ನಬಹುದು; ಪ್ರಾಂಶುಪಾಲರಿಗೆ ಬರೆಯುವ ಪತ್ರದಲ್ಲಿ ಅದು ಸಲ್ಲದು.

ಇತ್ತೀಚೆಗೆ ನನ್ನ ಸಹಪಾಠಿಯೊಬ್ಬ ವಾರವಿಡೀ ತರಗತಿಗೆ ಬರಲಿಲ್ಲ. ಮೆಸೇಜ್ ಮಾಡಿದರೆ ‘ಏನಿಲ್ಲ, ಬರ್ತೀನಿ’ ಎಂದ. ಒಂದು ಸಂಜೆ ಹೇಳದೆಯೇ ಅವನ ಮನೆಗೆ ಹೋದೆ. ತಂದೆಗೆ ಹುಷಾರಿರಲಿಲ್ಲ, ಇವನು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದ. ಅವನನ್ನು ಒಪ್ಪಿಸಿ ಉಪನ್ಯಾಸಕರಿಗೆ ತಿಳಿಸಿದೆ. ಈಗ ಮತ್ತೆ ತರಗತಿಗೆ ಬರುತ್ತಿದ್ದಾನೆ.

ಇತರರ ಮನೆಗೆ ಅನುಮತಿ ಕೇಳಿ, ಸಲಾಂ ಹೇಳಿಯೇ ಪ್ರವೇಶಿಸಬೇಕೆಂದು ಕುರ್‌ಆನಿನ 24ನೇ ಅಧ್ಯಾಯ ‘ಅನ್ನೂರ್’ ಕಲಿಸುತ್ತದೆ. ಬಾಗಿಲಲ್ಲಿ ಆ ಅದಬು ಇರಲಿ. ಆದರೆ ಮೆಸೇಜನ್ನೇ ನಂಬಿ ಕೂರಬೇಡಿ. ನಾವು ಒಮ್ಮೆ ‘ಡ್ರಾಪ್ ಇನ್’ ಆದರೆ, ಒಬ್ಬ ಗೆಳೆಯ ‘ಡ್ರಾಪ್ ಔಟ್’ ಆಗುವುದು ತಪ್ಪಬಹುದು.