ಗುಂಡು ಬದಲಾದರೆ ಹಿಂಸೆ ಬದಲಾದೀತೆ?

2016ರ ಜೂನ್ ತಿಂಗಳಲ್ಲಿ ಬಿಹಾರದ ಮೊಕಾಮಾ ಬಯಲಿನಲ್ಲಿ ಕೆಲವೇ ದಿನಗಳೊಳಗೆ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಗುಂಡಿಕ್ಕಿ ಕೊಲ್ಲಲಾಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಕೇಂದ್ರ ಸರ್ಕಾರವು ಅದಕ್ಕೆ ಮೊದಲೇ ಆ ಪ್ರಾಣಿಯನ್ನು ಅಲ್ಲಿ ಒಂದು ವರ್ಷದ ಮಟ್ಟಿಗೆ ಉಪದ್ರವಕಾರಿಯೆಂದು ಘೋಷಿಸಿತ್ತು. ಕೊಲ್ಲಲು ಕರೆಸಿದ್ದು ಹೈದರಾಬಾದಿನ ಬೇಟೆಗಾರರನ್ನು. 2018ರ ನವೆಂಬರ್ 2ರ ರಾತ್ರಿ ಮಹಾರಾಷ್ಟ್ರದ ಯವತಮಾಳದಲ್ಲಿ ಅವನಿ ಎಂಬ ಹೆಣ್ಣುಹುಲಿ ಬಿದ್ದುದೂ ಅದೇ ನಗರದ ಬೇಟೆಗಾರನ ಬಂದೂಕಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕವೂ ನವಾಬರ ಕಾಲದ ಆ ವಿದ್ಯೆ ಸರ್ಕಾರಿ ಆದೇಶದ ಆಶ್ರಯದಲ್ಲಿ ಉಳಿದುಕೊಂಡಿದೆ.

ಬೇಟೆಯನ್ನು ಬಲ್ಲವರು ಇಂಥ ಸಂದರ್ಭದಲ್ಲಿ ಎತ್ತುವ ಪ್ರಶ್ನೆ, ಯಾವ ಗುಂಡು ಎಂಬುದು. ಸೈನ್ಯಕ್ಕೆಂದು ತಯಾರಾದ ಗುಂಡಿಗೆ ಲೋಹದ ಪೂರ್ಣ ಹೊದಿಕೆಯಿರುತ್ತದೆ. ಅದು ಮೈಯನ್ನು ತೂರಿ ಹೊರಟುಹೋಗುತ್ತದೆ. ಪ್ರಾಣಿ ಗಾಯದೊಡನೆ ಓಡಿ ಎಲ್ಲಿಯೋ ನರಳಿ ಸಾಯುವ ಸಂಭವ ಹೆಚ್ಚು. ಆದ್ದರಿಂದ ಹೊರದೇಶಗಳ ಕೆಲವು ಬೇಟೆಗಾರರು ಕಾರ್ಖಾನೆಯ ತೋಟಾದಿಂದ ಆ ಗುಂಡನ್ನು ಕಿತ್ತು, ಅಷ್ಟೇ ತೂಕದ ಮೆದುಮೂತಿಯ ಗುಂಡನ್ನು ಕೂರಿಸುತ್ತಾರೆ. ತೂಕವೋ ಕೂರಿಸುವ ಆಳವೋ ತಪ್ಪಿದರೆ ಒತ್ತಡ ಏರಿ ಬಂದೂಕೇ ಸಿಡಿಯಬಹುದು. ಮೆದುಮೂತಿಯದು ಮೈಯೊಳಗೆ ಅಣಬೆಯಂತೆ ಅರಳಿ ಸಾವನ್ನು ಬೇಗ ತರುತ್ತದೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯು ರೈಫಲ್ ಹಿಡಿದವನು ಇಂಥ ಅರಳುವ ಗುಂಡನ್ನೇ ಬಳಸಬೇಕೆಂದು ವಿಧಿಸುತ್ತದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆ 1890ರ ದಶಕದಲ್ಲಿ ತಯಾರಿಸಿದ್ದೂ ಇದೇ ಬಗೆಯದನ್ನು. ಯುದ್ಧದಲ್ಲಿ ಅದನ್ನು ಬಳಸಬಾರದೆಂದು 1899ರ ಹೇಗ್ ಘೋಷಣೆ ಸಾರಿತು. ಮನುಷ್ಯನ ಮೈಗೆ ಕ್ರೌರ್ಯವೆನಿಸಿದ್ದು ಮೃಗದ ಮೈಗೆ ಕರುಣೆಯಾಯಿತು!

ಈ ವಾದವನ್ನು ನಕ್ಕು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸಾಯುವ ಜೀವ ಕಡಿಮೆ ನರಳಲಿ ಎಂಬುದೂ ದಯೆಯೇ. ಆದರೆ ಅದು ಎರಡನೆಯ ಪ್ರಶ್ನೆ. ಜನ್ನನ ಯಶೋಧರ ಕಡಿದದ್ದು ಹಿಟ್ಟಿನ ಕೋಳಿಯನ್ನು. ಸಂಕಲ್ಪದ ಪಾಪ ಅವನನ್ನು ಭವಭವಗಳಲ್ಲಿ ಬೆನ್ನಟ್ಟಿತು. ಬೇಟೆ ಸಪ್ತವ್ಯಸನಗಳಲ್ಲೊಂದು, ಹಿಂಸೋಪಕರಣಗಳ ದಾನ ಅನರ್ಥದಂಡ. ಇದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು.

ಹಿರಿಯರು ಬಲ್ಲ ಇನ್ನೊಂದು ವಿಭಾಗವೂ ಉಂಟು: ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ. ಬೆಳೆದ ಪೈರನ್ನು ಹಂದಿಯ ಹಿಂಡಿನಿಂದ ಕಾಯುವ ಬಡ ರೈತನ ಹಿಂಸೆಯನ್ನು ವಿರೋಧಿಯೆಂದು ಕ್ಷಮಿಸಬಹುದು. ದೂರದೂರಿನಿಂದ ಬಂದು ದಿನಕ್ಕಿಷ್ಟೆಂದು ಉರುಳಿಸುವವನಿಗೂ, ಅವನನ್ನು ಕರೆಸುವ ಸರ್ಕಾರಕ್ಕೂ ಆ ವಿನಾಯಿತಿ ಸಲ್ಲದು. ಹಾಗೆಂದು ಶ್ರಾವಕ ಸಮಾಜದ ಕೈ ಶುದ್ಧವೆನ್ನುವಂತೆಯೂ ಇಲ್ಲ. ದಶಲಕ್ಷಣ ಪರ್ವದಲ್ಲಿ ಕಸಾಯಿಖಾನೆ ಮುಚ್ಚಿಸಲು ಮನವಿ ಹಿಡಿದು ಓಡುವ ಸಂಘಗಳು ಹೊಲದ ಬೇಲಿಯ ವಿಷಯದಲ್ಲಿ ಬಾಯಿ ತೆರೆಯುವುದು ವಿರಳ. ಜೀವದಯೆಯ ಹಣ ಗೋಶಾಲೆಯ ಬಾಗಿಲಲ್ಲೇ ನಿಲ್ಲುತ್ತದೆ. ಕೊಲನುಪಾಕದ ಜಿನಾಲಯಕ್ಕೂ, ಕರೀಂನಗರದ ಕಡೆಯ ಕುರಿಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನದ ಬೆಟ್ಟಕ್ಕೂ ಕಾರಿನಲ್ಲಿ ಹೋಗಿಬರುವ ಕನ್ನಡ ಕುಟುಂಬಗಳು ದಾರಿಯ ಹೊಲಗಳಲ್ಲಿ ರಾತ್ರಿ ಕಾವಲು ಕೂರುವವರನ್ನು ಎಂದಾದರೂ ಮಾತನಾಡಿಸಿವೆಯೆ? ಅವರ ತಟ್ಟೆಯ ಬೇಳೆಯೂ ಯಾರೋ ಹಾಗೆ ಕಾದದ್ದೇ.

ಕೇಳಬೇಕಾದದ್ದು ಕಾಯ್ದೆಯಲ್ಲಿಯೇ ಅರ್ಧ ಇದೆ. ಹನ್ನೊಂದನೆಯ ಕಲಮಿನಂತೆ, ಹುಲಿಯಂಥ ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಆದೇಶಿಸುವ ಮುನ್ನ ಅದನ್ನು ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಸಾಧ್ಯವಿಲ್ಲವೆಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನದಟ್ಟಾಗಬೇಕು. ಬೆಳೆ ತಿನ್ನುವ ಹಂದಿಗೂ ನೀಲಗಾಯಿಗೂ ಆ ಷರತ್ತಿಲ್ಲ. ಅವುಗಳ ವಿಷಯದಲ್ಲಿಯೂ ಬೇಲಿಗೆ ಎಷ್ಟು ಹಣ ಕೊಡಲಾಯಿತು, ಬೆಳೆಹಾನಿಯ ಪರಿಹಾರ ಎಷ್ಟು ತಿಂಗಳಿಗೆ ರೈತನ ಕೈ ಸೇರಿತು ಎಂಬುದನ್ನು ಬರೆದ ಮೇಲೆಯೇ ಗುಂಡಿನ ಆದೇಶಕ್ಕೆ ಸಹಿ ಬೀಳಲಿ ಎಂದು ಜೈನ ಸಂಘಗಳು ಹೈದರಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಒಟ್ಟಾಗಿ ಮನವಿ ಸಲ್ಲಿಸಲಿ. ಮೊದಲ ನಾಲ್ಕು ಹಳ್ಳಿಗಳ ಬೇಲಿಯ ಖರ್ಚನ್ನು ತಾವೇ ಹೊರಲಿ.