ಐದು ಸುತ್ತಿನ ಮಳೆ

ಓದದ ಪುಸ್ತಕದ ಮೇಲೆ ಅಭಿಪ್ರಾಯ ಹೇಳಬಾರದೆಂದು ಹದಿನೆಂಟು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಹೀಗೆ ಹೇಳುವ ಮನುಷ್ಯನೇ ತನ್ನ ಮನೆಯಲ್ಲಿ ಆ ನಿಯಮವನ್ನು ಮುರಿದನೆಂದರೆ ವಿದ್ಯಾರ್ಥಿಗಳು ನಕ್ಕಾರು, ಆದರೂ ಒಪ್ಪಿಕೊಳ್ಳಬೇಕಾಗಿದೆ. ಪದವಿಪೂರ್ವ ತರಗತಿಯಲ್ಲಿ ಓದುವ ನನ್ನ ಮಗ ಒಂದು ಪರೀಕ್ಷೆಯಲ್ಲಿ ನಾವು ಎಣಿಸಿದ್ದಕ್ಕಿಂತ ಕಡಮೆ ಅಂಕಗಳನ್ನು ತಂದ. ಅವನು ರಾತ್ರಿಯ ಹೊತ್ತು ಲ್ಯಾಪ್‌ಟಾಪಿನ ಮುಂದೆ ಕುಳಿತು ವಿಚಿತ್ರ ಪ್ರಾಣಿಗಳನ್ನು ಕಾದಾಡಿಸುತ್ತಿದ್ದುದನ್ನು ನಾನು ಕಂಡಿದ್ದೆ. ಕಾರಣ ಕೈಗೆ ಸಿಕ್ಕಿತೆಂದು ಭಾವಿಸಿ, ‘ಇದೆಲ್ಲ ಬುದ್ಧಿಗೇಡಿಗಳ ಆಟ’ ಎಂದು ಗದರಿಸಿ, ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವನು ಎದುರು ಮಾತಾಡಲಿಲ್ಲ. ಎರಡು ದಿನ ಕಳೆದ ಮೇಲೆ ಊಟಕ್ಕೆ ಕುಳಿತಾಗ, ‘ಅಪ್ಪ, ಆ ಆಟ ಏನು ಅಂತ ನೀವು ಒಂದು ಸಲವಾದರೂ ನೋಡಿದ್ದೀರಾ?’ ಎಂದು ಕೇಳಿದ. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಇದ್ದಿದ್ದರೆ ಮತ್ತೊಮ್ಮೆ ಗದರಿಸಿ ಸುಮ್ಮನಾಗಬಹುದಿತ್ತು.

ಬೀಗ ತೆಗೆದೆ. ಆಷಾಢದ ನಾಲ್ಕೈದು ಭಾನುವಾರಗಳ ಮಧ್ಯಾಹ್ನಗಳನ್ನು ಅವನ ಪಕ್ಕದಲ್ಲಿ ಕುಳಿತು ಕಳೆದೆ. ಹೊರಗೆ ಸುರಿಯುತ್ತಿದ್ದುದೂ ಮಳೆ, ಒಳಗೆ ಅವನು ನನಗೆ ವಿವರಿಸುತ್ತಿದ್ದುದೂ ಮಳೆಯೇ. ಆ ಒಳಗಿನ ಮಳೆಯ ವಿಷಯವಾಗಿ ನನಗೆ ತೋರಿದ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪೋಕೆಮಾನ್ ಎಂಬ ಈ ಆಟ ಜಪಾನಿನದು. ಸತೋಶಿ ತಾಜಿರಿ ಎಂಬಾತ ಟೋಕಿಯೋದ ಹೊರವಲಯದ ಮಾಚಿದಾದಲ್ಲಿ ಬೆಳೆದವನು. ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಹುಚ್ಚು ಅವನಿಗಿತ್ತು. ಆ ಹುಚ್ಚೇ ಮುಂದೆ ಆಟದ ರೂಪ ತಾಳಿ, 1996ರ ಫೆಬ್ರವರಿಯಲ್ಲಿ ಗೇಮ್ ಬಾಯ್ ಎಂಬ ಅಂಗೈ ಯಂತ್ರದ ಮೇಲೆ ಹೊರಬಂದಿತು. ಇಂದು ಅದರಲ್ಲಿ ಸಾವಿರಕ್ಕೂ ಮಿಕ್ಕಿದ ಕಲ್ಪಿತ ಪ್ರಾಣಿಗಳಿವೆ. ಪ್ರತಿಯೊಂದಕ್ಕೂ ನೀರು, ಬೆಂಕಿ, ಹುಲ್ಲು, ವಿದ್ಯುತ್ತು, ಬಂಡೆ ಮೊದಲಾದ ಹದಿನೆಂಟು ವರ್ಗಗಳಲ್ಲಿ ಒಂದೋ ಎರಡೋ ಸೇರಿರುತ್ತವೆ, ಒಂದು ಸಹಜಗುಣವಿರುತ್ತದೆ, ಗರಡಿಯವರ ಮಾತಿನಲ್ಲಿ ಹೇಳುವುದಾದರೆ, ನಾಲ್ಕು ಪಟ್ಟುಗಳಿರುತ್ತವೆ. ನೀರು ಬೆಂಕಿಯನ್ನು ಗೆಲ್ಲುತ್ತದೆ, ಬೆಂಕಿ ಹುಲ್ಲನ್ನು, ಹುಲ್ಲು ನೀರನ್ನು. ಅಧಿಕೃತ ವಿಶ್ವಸ್ಪರ್ಧೆಯಲ್ಲಿ ಆಟಗಾರನು ಆರು ಪ್ರಾಣಿಗಳ ಪಡೆಯನ್ನು ಕಟ್ಟಿಕೊಂಡು ಬರುತ್ತಾನೆ. ಎದುರಾಳಿಯ ಆರನ್ನು ನೋಡಿದ ಮೇಲೆ ತನ್ನ ಆರರಲ್ಲಿ ನಾಲ್ಕನ್ನು ಆರಿಸಿ, ಏಕಕಾಲಕ್ಕೆ ಎರಡೆರಡನ್ನು ಕಣಕ್ಕಿಳಿಸುತ್ತಾನೆ. ಚದುರಂಗದಲ್ಲಿ ಎರಡು ಪಕ್ಷಗಳ ಕಾಯಿಗಳೂ ಸಮ. ಇಲ್ಲಿ ಯಾವ ಕಾಯಿಗಳನ್ನು ತರಬೇಕೆಂಬುದೇ ಅರ್ಧ ಆಟ.

1999ರ ನವೆಂಬರಿನಲ್ಲಿ ಜಪಾನಿನಲ್ಲಿ ಪ್ರಕಟವಾದ ‘ಗೋಲ್ಡ್’ ಮತ್ತು ‘ಸಿಲ್ವರ್’ ಆವೃತ್ತಿಗಳಲ್ಲಿ ಈ ಕಣಕ್ಕೆ ಹವಾಮಾನ ಬಂದಿತು. ಮಳೆ, ಬಿಸಿಲು, ಮರಳುಗಾಳಿ ಮೊದಲು ಬಂದವು. 2002ರಲ್ಲಿ ಆಲಿಕಲ್ಲು ಸೇರಿತು. ಅದು 2022ರಲ್ಲಿ ಹಿಮಕ್ಕೆ ಎಡೆಕೊಟ್ಟಿತು. ಮಳೆ ಬೀಳುತ್ತಿರುವಾಗ ನೀರಿನ ಪಟ್ಟುಗಳ ಬಲ ಒಂದೂವರೆ ಪಾಲಾಗುತ್ತದೆ, ಬೆಂಕಿಯದು ಅರ್ಧಕ್ಕಿಳಿಯುತ್ತದೆ. ಬಿಸಿಲಿನಲ್ಲಿ ಇದಕ್ಕೆ ವಿಪರ್ಯಯ. ಎಂದರೆ, ಒಂದೇ ನೀರಿನ ಹೊಡೆತಕ್ಕೆ ಬಿಸಿಲಿಗೂ ಮಳೆಗೂ ಮೂರು ಪಟ್ಟು ವ್ಯತ್ಯಾಸ. ಸಾಮಾನ್ಯ ಹವೆಯಲ್ಲಿ ನೂರಕ್ಕೆ ಎಪ್ಪತ್ತು ಸಲ ಮಾತ್ರ ಗುರಿ ಮುಟ್ಟುವ ಸಿಡಿಲು ಮಳೆಯಲ್ಲಿ ಗುರಿ ತಪ್ಪುವುದಿಲ್ಲ. ಬಿಸಿಲಿನಲ್ಲಿ ಅದು ಐವತ್ತಕ್ಕಿಳಿಯುತ್ತದೆ. ಕೆಲವು ಜಲಚರಗಳ ವೇಗ ಮಳೆಯಲ್ಲಿ ಇಮ್ಮಡಿಸುತ್ತದೆ. ಕೆಲವು ಸಸ್ಯಗಳದು ಬಿಸಿಲಿನಲ್ಲಿ. ಈ ಲೆಕ್ಕಗಳನ್ನು ಆಧಾರವಾಗಿಟ್ಟುಕೊಂಡು ಪಡೆ ಕಟ್ಟುವುದೇ ‘ಹವೆಯ ಪಡೆ’.

ಇಲ್ಲಿ ನನಗೆ ಕಾವ್ಯಮೀಮಾಂಸೆ ನೆನಪಾಯಿತು. ಕನ್ನಡ ಅಧ್ಯಾಪಕನಿಗೆ ಅದು ನೆನಪಾಗುವುದು ರೋಗವೆಂದು ಮಗ ನಕ್ಕ, ನಗಲಿ. ಋತುವರ್ಣನೆ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಒಂದು. ಮಳೆ, ಬೆಳದಿಂಗಳು, ತಂಗಾಳಿಗಳನ್ನು ಆಲಂಕಾರಿಕರು ಉದ್ದೀಪನ ವಿಭಾವಗಳೆಂದು ಕರೆದರು. ಉದ್ದೀಪನವೆಂದರೆ ಹೊತ್ತಿಸುವುದು, ಉಜ್ಜ್ವಲಗೊಳಿಸುವುದು. ಅದು ಇಲ್ಲದ ಭಾವವನ್ನು ಹುಟ್ಟಿಸುವುದಿಲ್ಲ. ಒಳಗೆ ಸ್ಥಾಯಿಯಾಗಿ ಇರುವುದನ್ನು ಬೆಳಗಿಸುತ್ತದೆ. ವಿರಹವೇ ಇಲ್ಲದವನಿಗೆ ಬೆಳದಿಂಗಳು ಬರಿಯ ಬೆಳಕು. ಈ ಆಟದ ಮಳೆಯೂ ಹಾಗೆಯೇ. ಒಂದೂವರೆ ಪಾಲಾಗಬೇಕಾದರೆ ಮೊದಲು ಒಂದು ಪಾಲಾದರೂ ಇರಬೇಕು. ಹವೆಯ ಪಡೆ ಕಟ್ಟುವವರು ಸಾಮಾನ್ಯವಾಗಿ ಮರೆಯುವ ಸಂಗತಿ ಇದು.

ನನ್ನ ಮಗನೂ ಮರೆತಿದ್ದ. ಅವನ ಮೊದಲನೆಯ ಮಳೆಪಡೆಯಲ್ಲಿ ಆರೂ ಜಲಚರಗಳೇ. ಮಳೆ ನೀರಿಗೆ ಬಲವೆಂದ ಮೇಲೆ ಆರೂ ನೀರೇ ಆಗಿದ್ದರೆ ಆರು ಪಟ್ಟು ಬಲವಲ್ಲವೆ ಎಂಬುದು ಅವನ ತರ್ಕ. ನನಗೂ ಮೊದಲು ಸರಿಯೆಂದೇ ತೋರಿತು. ಎದುರಾಳಿ ಒಂದು ವಿದ್ಯುತ್ತಿನ ಪ್ರಾಣಿಯನ್ನು ಕಣಕ್ಕಿಳಿಸಿದ. ಮಳೆಯನ್ನು ಕರೆದವನು ನನ್ನ ಮಗ. ಆ ಮಳೆಯಿಂದ ಗುರಿ ತಪ್ಪದಂತಾದದ್ದು ಎದುರಾಳಿಯ ಸಿಡಿಲು. ನಾಲ್ಕೇ ಸುತ್ತಿನಲ್ಲಿ ಆಟ ಮುಗಿಯಿತು. ‘ಮಳೆ ನಂದೇ ಆಗಿತ್ತಲ್ಲಪ್ಪ’ ಎಂದು ಅವನು ಪೇಚಾಡಿದ. ಮಳೆ ಅವನದಾಗಿರಲಿಲ್ಲ. ಅವನು ಕರೆದಿದ್ದ, ಅಷ್ಟೆ. ಕಣದ ಮೇಲೆ ಸುರಿಯುವ ಮಳೆ ಎರಡು ಪಕ್ಷಗಳ ಮೇಲೂ ಸಮನಾಗಿ ಸುರಿಯುತ್ತದೆ. ಕರೆದವನು ಯಾರೆಂದು ಕೇಳುವುದಿಲ್ಲ. ಬೇರೆ ಪಟ್ಟುಗಳಿಗೂ ಹವೆಗೂ ಇರುವ ಮುಖ್ಯ ಭೇದ ಇದು. ಕತ್ತಿ ಬೀಸಿದವನದು, ಹವೆ ಕಣದ್ದು.

ಹಾಗಾದರೆ ಹವೆಯ ಪಡೆಯನ್ನು ಕಟ್ಟುವ ಬಗೆ ಹೇಗೆ? ಅವನು ಅನಂತರ ಕಟ್ಟಿದ ಪಡೆಯನ್ನೇ ಉದಾಹರಣೆಯಾಗಿ ಕೊಡುತ್ತೇನೆ. ಮೊದಲು ಮಳೆಯನ್ನು ತರುವವನೊಬ್ಬ ಬೇಕು. ಅದು ಪೆಲಿಪರ್ ಎಂಬ ಹಕ್ಕಿ. ಕೊಕ್ಕಿನ ಕೆಳಗೆ ಚೀಲವಿರುವ ನಮ್ಮ ಹೆಜ್ಜಾರ್ಲೆಯ ಜಾತಿಯದು. ಅದು ಕಣಕ್ಕೆ ಕಾಲಿಟ್ಟೊಡನೆ ಮಳೆ ಹಿಡಿಯುತ್ತದೆ. ಆ ಮಳೆ ಐದು ಸುತ್ತು ಮಾತ್ರ. ಹಕ್ಕಿಯ ಬಳಿ ಒದ್ದೆಕಲ್ಲೊಂದನ್ನು ಕೊಟ್ಟಿದ್ದರೆ ಎಂಟು ಸುತ್ತು. ಆದರೆ ಪ್ರತಿ ಪ್ರಾಣಿಯೂ ಒಂದೇ ವಸ್ತುವನ್ನು ಹಿಡಿಯಬಲ್ಲದಾದ್ದರಿಂದ, ಕಲ್ಲನ್ನು ಹಿಡಿದ ಹಕ್ಕಿ ತನ್ನನ್ನು ಕಾಯುವ ಬೇರೆ ವಸ್ತುವನ್ನು ಬಿಟ್ಟುಕೊಡಬೇಕು. ಎರಡನೆಯವನು ಮಳೆಯಿಂದ ಬಲ ಪಡೆಯುವವನು: ಕಿಂಗ್‌ಡ್ರಾ ಎಂಬ ಕಡಲಕುದುರೆ, ಮಳೆಯಲ್ಲಿ ಇದರ ವೇಗ ಇಮ್ಮಡಿ. ಇವರಿಬ್ಬರನ್ನು ಯಾರಾದರೂ ಊಹಿಸಬಹುದು. ಮೂರನೆಯವನಲ್ಲಿಯೇ ಪಡೆ ಕಟ್ಟುವವನ ಬುದ್ಧಿ ಕಾಣುವುದು. ಅವನು ಆರಿಸಿದ್ದು ಫೆರೋಥಾರ್ನ್ ಎಂಬ ಕಬ್ಬಿಣದ ಮುಳ್ಳುಗಿಡವನ್ನು. ಹುಲ್ಲೂ ಉಕ್ಕೂ ಸೇರಿದ ಈ ಗಿಡಕ್ಕೆ ಬೆಂಕಿಯೆಂದರೆ ನಾಲ್ಕು ಪಟ್ಟು ಅಪಾಯ. ಮಳೆ ಆ ಬೆಂಕಿಯನ್ನು ಅರ್ಧಕ್ಕಿಳಿಸುತ್ತದೆ. ಮಳೆ ಇದರ ಹೊಡೆತವನ್ನು ಹೆಚ್ಚಿಸುವುದಿಲ್ಲ, ಇದರ ಭಯವನ್ನು ತಗ್ಗಿಸುತ್ತದೆ. ಇದು ಪ್ರತಿಯಾಗಿ ಜಲಚರಗಳ ವೈರಿಯಾದ ವಿದ್ಯುತ್ತನ್ನೂ ಹುಲ್ಲನ್ನೂ ಎದೆಗೊಟ್ಟು ತಡೆಯುತ್ತದೆ. ಉಳಿದವರು ಮಳೆ ಇದ್ದರೂ ಇಲ್ಲದಿದ್ದರೂ ಒಂದೇ ಸಮನೆ ಕಾದಾಡುವವರು. ಅಂಥವರು ಪಡೆಯಲ್ಲಿ ಇಬ್ಬರಾದರೂ ಇರಬೇಕೆಂದು ಅವನು ಸೋತು ಕಲಿತ.

ಏಕೆಂದರೆ ಮಳೆ ನಿಲ್ಲುತ್ತದೆ. ‘ಮಳೆ ನಿಂತರೂ ಮರದ ಹನಿ ನಿಲ್ಲದು’ ಎನ್ನುತ್ತಾರೆ ನಮ್ಮವರು. ಈ ಕಣದಲ್ಲಿ ಮರದ ಹನಿಯಿಲ್ಲ. ಐದನೆಯ ಸುತ್ತು ಮುಗಿದೊಡನೆ ಇಮ್ಮಡಿ ವೇಗದ ಕಡಲಕುದುರೆ ತನ್ನ ಹುಟ್ಟುವೇಗಕ್ಕಿಳಿಯುತ್ತದೆ. ನಿಲ್ಲುವವರೆಗೂ ಕಾಯಬೇಕೆಂದೂ ಇಲ್ಲ. ಎದುರಾಳಿ ಬಿಸಿಲನ್ನು ಕರೆದರೆ ಮಳೆ ಆ ಕ್ಷಣವೇ ಮಾಯ. ಇಂಥ ಹವೆಗಳ ಜಗಳದಲ್ಲಿ ಒಂದು ವಿನೋದವಿದೆ. ಎರಡು ಪಕ್ಷಗಳೂ ತಮ್ಮ ಹವೆಗಾರರನ್ನು ಒಟ್ಟಿಗೆ ಇಳಿಸಿದಾಗ ವೇಗ ಹೆಚ್ಚಿದ್ದವನ ಹವೆ ಮೊದಲು ಬರುತ್ತದೆ, ನಿಧಾನಿಯದು ಅನಂತರ. ಕೊನೆಗೆ ಬಂದದ್ದೇ ಉಳಿಯುತ್ತದೆ. ಹೆಜ್ಜಾರ್ಲೆಯ ಮೂಲವೇಗ 65. ಬಿಸಿಲನ್ನು ತರುವ ಟೋರ್ಕೋಲ್ ಎಂಬ ಕೆಂಡದ ಆಮೆಯದು 20. ಹಕ್ಕಿ ತಂದ ಮಳೆಯನ್ನು ಆಮೆ ತನ್ನ ನಿಧಾನದಿಂದಲೇ ಅಳಿಸಿಬಿಡುತ್ತದೆ. ಹೀಗಾದಾಗ ಹಕ್ಕಿಯನ್ನು ಹಿಂದಕ್ಕೆ ಕರೆಸಿಕೊಂಡು, ಸಮಯ ನೋಡಿ ಮತ್ತೆ ಇಳಿಸಬೇಕು. ಅಲ್ಲಿಯವರೆಗೆ ಅದರ ಪ್ರಾಣವನ್ನು ಕಾಪಾಡಿಕೊಳ್ಳಬೇಕು. ಆ ನಡುವಿನ ಬಿಸಿಲನ್ನು ಮಳೆಯ ಹಂಗಿಲ್ಲದವರು ತಾಳಿಕೊಳ್ಳಬೇಕು. ಮಳೆಪಡೆಯ ನಿಜವಾದ ಆಟ ನಡೆಯುವುದು ಮಳೆಯಿಲ್ಲದ ಈ ಸುತ್ತುಗಳಲ್ಲಿಯೇ ಎಂದು ನನ್ನ ಅಭಿಪ್ರಾಯ. ಮಳೆ ಬೀಳುತ್ತಿರುವಾಗ ಗೆಲ್ಲುವುದು ಅಂಥ ದೊಡ್ಡ ವಿದ್ಯೆಯೇನಲ್ಲ.

ಈ ಅಭಿಪ್ರಾಯಕ್ಕೆ ಆಟದ ಚರಿತ್ರೆಯಲ್ಲಿಯೂ ಆಧಾರವಿದೆ. ಸಹಜಗುಣದಿಂದ ಬಂದ ಮಳೆ ಮೊದಲು ಐದು ಸುತ್ತಿಗೆ ನಿಲ್ಲುತ್ತಿರಲಿಲ್ಲ. ಮತ್ತೊಂದು ಹವೆ ಬಂದು ಕದಲಿಸುವವರೆಗೆ ಸುರಿಯುತ್ತಲೇ ಇರುತ್ತಿತ್ತು. ಮೊದಮೊದಲು ಆ ಶಕ್ತಿ ಕ್ಯೋಗರ್ ಎಂಬ ಪುರಾಣಸದೃಶ ತಿಮಿಂಗಿಲದಂಥ ಪ್ರಾಣಿಗೆ ಮಾತ್ರ ಇದ್ದುದರಿಂದ ತೊಂದರೆ ತಿಳಿಯಲಿಲ್ಲ. 2010ರ ‘ಬ್ಲ್ಯಾಕ್’ ಮತ್ತು ‘ವೈಟ್’ ಆವೃತ್ತಿಗಳ ಕಾಲಕ್ಕೆ ಅದು ಪಾಲಿಟೋಡ್ ಎಂಬ ಸಾಮಾನ್ಯ ಕಪ್ಪೆಗೂ ದೊರೆಯಿತು. ಕಪ್ಪೆಗೆ ಮದುವೆ ಮಾಡಿಸಿ ಮಳೆ ಬೇಡುವ ನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಆಟಗಾರರಿಗೆ ಮಾತ್ರ ದಿಗಿಲಾಯಿತು. ಮುಗಿಯದ ಮಳೆ, ಅದರೊಳಗೆ ಇಮ್ಮಡಿ ವೇಗದ ಜಲಚರಗಳು: ಇದನ್ನು ಎದುರಿಸುವುದಕ್ಕೆ ತಾವೂ ಒಬ್ಬ ಹವೆಗಾರನನ್ನು ಇಟ್ಟುಕೊಳ್ಳುವುದಲ್ಲದೆ ಬೇರೆ ದಾರಿ ಸುಲಭವಾಗಿರಲಿಲ್ಲ. ಸ್ಮೋಗನ್ ಎಂಬ ಆಟಗಾರರ ಬಳಗ ತನ್ನ ಪಂದ್ಯಗಳಿಗಾಗಿ 2011ರಲ್ಲಿ ಒಂದು ನಿರ್ಣಯ ಮಾಡಿತು. ಮಳೆಯನ್ನು ನಿಷೇಧಿಸಲಿಲ್ಲ, ವೇಗದ ಮೀನುಗಳನ್ನೂ ನಿಷೇಧಿಸಲಿಲ್ಲ. ಮಳೆ ತರುವ ಸಹಜಗುಣವೂ ಮಳೆಯಲ್ಲಿ ವೇಗ ಇಮ್ಮಡಿಸುವ ಸಹಜಗುಣವೂ ಒಂದೇ ಪಡೆಯಲ್ಲಿ ಕೂಡಿರಬಾರದೆಂದಿತು. 2013ರ ‘ಎಕ್ಸ್’ ಮತ್ತು ‘ವೈ’ ಆವೃತ್ತಿಗಳಲ್ಲಿ ಆಟವನ್ನು ರಚಿಸಿದವರೇ ಇಂಥ ಹವೆಯನ್ನು ಐದು ಸುತ್ತಿಗೆ ಮಿತಗೊಳಿಸಿದರು.

ಇದರಿಂದ ಮಳೆಪಡೆ ಬಡವಾಯಿತೆಂದು ಮರುಗಿದವರುಂಟು. ನನಗೆ ಹಾಗೆ ತೋರುವುದಿಲ್ಲ. ಎಂದೂ ನಿಲ್ಲದ ಮಳೆಗೆ ಪಡೆ ಕಟ್ಟುವವನಿಗೆ ಎಣಿಕೆ ಬೇಡ, ಕಾಯುವುದು ಬೇಡ, ಮಳೆಯಾಚೆಯ ಯೋಚನೆಯೇ ಬೇಡ. ಐದೇ ಸುತ್ತು ಎಂದೊಡನೆ ಪ್ರತಿ ಸುತ್ತಿಗೂ ಬೆಲೆ ಬಂದಿತು. ಯಾವಾಗ ಕರೆಯಬೇಕು, ಯಾರಿಗಾಗಿ ಕರೆಯಬೇಕು, ನಿಂತ ಮೇಲೆ ಯಾರನ್ನು ನಿಲ್ಲಿಸಬೇಕು ಎಂಬ ಪ್ರಶ್ನೆಗಳು ಹುಟ್ಟಿದವು. ಛಂದಸ್ಸಿನ ಕಟ್ಟು ಕವಿಗೆ ಮಾಡುವ ಉಪಕಾರವನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ವಿಶ್ವಸ್ಪರ್ಧೆಯನ್ನು ಗೆದ್ದವನು ಅಮೆರಿಕದ ವುಲ್ಫ್ ಗ್ಲಿಕ್. ಅವನ ಆರರಲ್ಲಿ ಮಹಾವೃಷ್ಟಿಯನ್ನು ತರುವ ಕ್ಯೋಗರ್ ಇತ್ತು. ಅದರ ಜೊತೆಗೇ ಹವೆಗಳನ್ನೆಲ್ಲ ಅಡಗಿಸಬಲ್ಲ ರೇಕ್ವಾಜಾ ಎಂಬ ಆಕಾಶಸರ್ಪವೂ ಇತ್ತು. ಮಳೆಯನ್ನು ಕರೆಯುವವನು ಅದನ್ನು ನಿಲ್ಲಿಸುವವನನ್ನೂ ತನ್ನ ಪಡೆಯಲ್ಲಿಯೇ ಇಟ್ಟುಕೊಂಡಿದ್ದ! ಮಗ ಇದನ್ನು ಹೇಳಿದಾಗ ಆ ಪಡೆಯ ಹೆಸರುಗಳನ್ನು ಇನ್ನೊಮ್ಮೆ ಹೇಳೆಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡೆ.

ಆಕ್ಷೇಪಗಳಿಲ್ಲವೆನ್ನಲಾರೆ. ಈ ಮಳೆಯಲ್ಲಿ ಮಣ್ಣಿನ ವಾಸನೆಯಿಲ್ಲ, ಇದರಿಂದ ಒಂದು ಕಾಳೂ ಮೊಳೆಯುವುದಿಲ್ಲ ಎಂದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದರು, ನಿಜ. ಕಾವ್ಯದ ಮಳೆಯಿಂದಲೂ ಕಾಳು ಮೊಳೆಯಲಿಲ್ಲವೆಂದು ಉತ್ತರಿಸಬಹುದಾಗಿತ್ತು, ಆದರೆ ಅದು ಬರಿಯ ಮಾತಿನ ಗೆಲುವು. ಮಳೆ ಒಂದೂವರೆ ಪಾಲೆಂಬ ಅಂಕಿಯಾಗಿ ಕುಗ್ಗಿದಾಗ ಏನೋ ಕಳೆದುಹೋಗುತ್ತದೆಂಬುದನ್ನು ನಾನು ಒಪ್ಪುತ್ತೇನೆ. ಹೊತ್ತು ಹಾಳಾಗುತ್ತದೆಂಬುದು ಇದಕ್ಕಿಂತ ದೊಡ್ಡ ಆಕ್ಷೇಪ. ಅದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಮಗನ ಅಂಕಗಳು ಕಡಮೆಯಾದುದಕ್ಕೆ ಈ ಆಟವೂ ಒಂದು ಕಾರಣವಾಗಿದ್ದೀತು. ಅದಕ್ಕೆ ಹೊತ್ತಿನ ಮಿತಿಯನ್ನು ವಿಧಿಸಿದ್ದೇನೆ, ಅವನೂ ಒಪ್ಪಿದ್ದಾನೆ. ‘ಬುದ್ಧಿಗೇಡಿಗಳ ಆಟ’ ಎಂಬ ಮಾತನ್ನು ಮಾತ್ರ ಅವನೆದುರಿಗೇ ಹಿಂತೆಗೆದುಕೊಂಡಿದ್ದೇನೆ. ಮಿತಿಯನ್ನು ವಿಧಿಸುವ ಅಧಿಕಾರ ತಂದೆಗೆ ಇರಬಹುದು. ನೋಡದೆ ತೀರ್ಪು ಕೊಡುವ ಅಧಿಕಾರ ಅಧ್ಯಾಪಕನಿಗಂತೂ ಇಲ್ಲ.

ಕಳೆದ ಭಾನುವಾರ ಅವನೊಡನೆ ನಾನೂ ಒಂದು ಆಟ ಆಡಿದೆ. ನನ್ನದು ಮಳೆಪಡೆ, ಅವನದು ಬಿಸಿಲಿನದು. ಮೊದಲನೆಯ ಸುತ್ತಿನಲ್ಲಿಯೇ ಅವನ ಆಮೆ ನನ್ನ ಮಳೆಯನ್ನು ಅಳಿಸಿತು. ಹೆಜ್ಜಾರ್ಲೆಯನ್ನು ಹಿಂದಕ್ಕೆ ಕರೆಸಬೇಕೆಂದು ತಿಳಿದಿದ್ದರೂ ಆತುರದಲ್ಲಿ ಮರೆತೆ. ಸೋತೆ. ‘ಮುಳ್ಳುಗಿಡವನ್ನು ಉಳಿಸಿಕೊಂಡಿದ್ದರೆ ಇನ್ನೂ ಆಟ ಇತ್ತು, ಅಪ್ಪ’ ಎಂದು ಅವನು ಸಮಾಧಾನವಾಗಿ ತಿದ್ದಿದ. ನಾನು ಉತ್ತರಪತ್ರಿಕೆಗಳನ್ನು ತಿದ್ದುವಾಗ ಅಷ್ಟು ಸಮಾಧಾನ ತೋರಿಸಿದ್ದುಂಟೆ ಎಂದು ಯೋಚಿಸುತ್ತ ಯಂತ್ರವನ್ನು ಮುಚ್ಚಿದೆ. ಬೀರುವಿನ ಬೀಗದ ಕೈ ಮೇಜಿನ ಮೇಲೆಯೇ ಇತ್ತು.